ಸಾತ್ವಿಕನ ತೋಳು

ಪ್ರತಿ ರವಿವಾರ ನಮ್ಮ ಮನೆಗೆ ಒಬ್ಬ ಮನುಷ್ಯ ಊಟಕ್ಕೆ ಬರುತ್ತಿದ್ದ. ಅವನು ಬರುವ ದಾರಿಯಲ್ಲೇ ಸಾಯಲಿ ಎಂದು ಪ್ರತಿ ಶನಿವಾರ ನಾನು ಪ್ರಾರ್ಥನೆ ಮಾಡುತ್ತಿದ್ದೆ. ಹೇಗೆ ಸಾಯಬೇಕು ಎಂಬುದನ್ನೂ ದೇವರಿಗೆ ಬಿಡಿಸಿ ಹೇಳುತ್ತಿದ್ದೆ. ತಿಕೋಟಾದಿಂದ ಬರುವ ಬಸ್ಸು ಹಳ್ಳಕ್ಕೆ ಉರುಳಬೇಕು, ಅವನೊಬ್ಬನೇ ಸಾಯಬೇಕು, ಉಳಿದವರು ಬಟ್ಟೆ ಕೊಡವಿಕೊಂಡು ಎದ್ದು ಬರಬೇಕು. ಅದು ಕಷ್ಟವೆನಿಸಿದರೆ ಅವನು ಇಬ್ರಾಹಿಂಪುರದ ಹಳಿ ದಾಟುವಾಗ ಸೊಲ್ಲಾಪುರದ ಗಾಡಿ ಬಂದರೂ ಆದೀತು. ಸಂಜೆಯ ಮನೆಪ್ರಾರ್ಥನೆಯಲ್ಲಿ ಅಪ್ಪ, ಅವ್ವ, ನಾನು ಮೂವರೂ ಕಂದೀಲಿನ ಸುತ್ತ ಮೊಣಕಾಲೂರಿ ಕೂತಿರುತ್ತಿದ್ದೆವು. ಕೊನೆಯಲ್ಲಿ ಆಮೆನ್ ಎನ್ನುವಾಗ ನನ್ನ ದನಿಯೇ ಎಲ್ಲಕ್ಕಿಂತ ಗಟ್ಟಿ. ಅಪ್ಪ ಅದನ್ನು ಭಕ್ತಿ ಎಂದುಕೊಂಡಿದ್ದ. ನನಗೆ ಶಾಂತಾ ಎಂದು ಹೆಸರಿಟ್ಟವನೂ ಅವನೇ.

ನಮ್ಮದು ತಗಡು ಹೊದಿಸಿದ ಎರಡು ಕೋಣೆಯ ಮನೆ. ರೈಲು ಹೋದಾಗ ಹಲಗೆಯ ಮೇಲಿನ ಗಂಗಾಳಗಳು ನಡುಗಿ ಸದ್ದು ಮಾಡುತ್ತಿದ್ದವು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಎಡಗೈಯಿಂದ ಅವನ್ನು ಒತ್ತಿ ಹಿಡಿಯುತ್ತಿದ್ದಳು. ಮುಂದಿನ ಕೋಣೆಯಲ್ಲಿ ಒಂದು ಹೊರಸು, ಒಂದು ತಗಡಿನ ಪೆಟ್ಟಿಗೆ, ಗೋಡೆಗೆ ಒಂದು ಕಟ್ಟಿಗೆಯ ಶಿಲುಬೆ. ಹಿಂದಿನದು ಅಡುಗೆಮನೆ. ಅಲ್ಲಿ ಒಲೆ, ಒಳಕಲ್ಲು, ಮೂಲೆಗೆ ನಿಲ್ಲಿಸಿದ ಒನಕೆ. ಬಾಗಿಲ ಹೊರಗೆ ಕಲ್ಲಿನ ಕಟ್ಟೆ, ಕಟ್ಟೆಗೆ ಹತ್ತಿಕೊಂಡೇ ಓಣಿ. ಓಣಿಯಲ್ಲಿ ಪೆಟ್ಟಿಗೆ ಮಾಡುವವರು, ಸೈಕಲ್ ರಿಪೇರಿಯವರು, ಹಮಾಲರು ಇದ್ದರು. ನಮ್ಮ ಅಪ್ಪ ಸಮುವೇಲಪ್ಪ ಹತ್ತಿ ಗಿರಣಿಯಲ್ಲಿ ಹಮಾಲ. ಬೇರೆಯವರು ಇಬ್ಬರು ಸೇರಿ ಎತ್ತುವ ಅಂಡಿಗೆಯನ್ನು ಅವನು ಒಬ್ಬನೇ ಬೆನ್ನಿಗೇರಿಸುತ್ತಿದ್ದ. ಮನೆಯೊಳಗೆ ಬರುವಾಗ ತಲೆ ಬಾಗಿಸದೆ ಬರಲಾಗುತ್ತಿರಲಿಲ್ಲ. ಅವನ ಕಿವಿಗಳೆರಡೂ ಒಣಗಿದ ಬದನೆಕಾಯಿಯಂತೆ ಮುದುಡಿಹೋಗಿದ್ದವು. ಅವು ಪೈಲವಾನನ ಕಿವಿಗಳು ಎಂದು ಓಣಿಗೆಲ್ಲ ಗೊತ್ತಿತ್ತು.

ನಾನು ಹುಟ್ಟುವ ಮೊದಲು ಅಪ್ಪ ನಿಡೋಣಿಯಲ್ಲಿದ್ದ. ನಿಡೋಣಿ ಸಾಮ್ಯಾ ಎಂದರೆ ಸುತ್ತಲಿನ ಹಳ್ಳಿಗಳಿಂದ ಜನ ಕುಸ್ತಿ ನೋಡಲು ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಬಬಲೇಶ್ವರದ ಕಣದಲ್ಲಿ ಒಮ್ಮೆ ಅವನಿಗೂ ತಿಕೋಟಾದ ಮಲ್ಲೇಶಿಗೂ ಜೋಡಿ ಬಿತ್ತು. ಹಿಡಿತಕ್ಕೆ ಮೊದಲು ಪೈಲವಾನರು ಕಣದ ಕೆಂಪು ಮಣ್ಣನ್ನು ಮೈಗೆ ಹಚ್ಚಿಕೊಳ್ಳುತ್ತಾರೆ. ಅಪ್ಪ ಬಗ್ಗಿ ಒಂದು ಹಿಡಿ ತೆಗೆದುಕೊಂಡ. ಮಲ್ಲೇಶಿ ಆ ಜಾಗದಲ್ಲಿ ಉಗುಳಿ, ಇವ ಮುಟ್ಟಿದ ಮಣ್ಣು ಮೈಲಿಗೆಯಾಯಿತು, ಬೇರೆ ಮಣ್ಣು ತರಿಸಿರಿ ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ಜನ ನಕ್ಕರು. ಕುಸ್ತಿ ಹತ್ತಿತು. ಅಪ್ಪ ಅವನನ್ನು ನೆಲಕ್ಕೆ ಬೆನ್ನು ಹಚ್ಚಿಸಿ ಚಿತ್ ಮಾಡಿದ. ಕುಸ್ತಿ ಬಿಡಿಸುವ ಹಿರಿಯರು ಬೆನ್ನು ತಟ್ಟಿ ಬಿಡು ಎಂದರು. ಅಪ್ಪ ಬಿಡಲಿಲ್ಲ. ಮಲ್ಲೇಶಿಯ ಬಲಗೈ ಮೊಣಕೈಯ ಹತ್ತಿರ ಮುರಿಯುವವರೆಗೂ ಬಿಡಲಿಲ್ಲ. ಎಲುಬು ಕೂಡಿಸಿದವನು ಸರಿಯಾಗಿ ಕೂಡಿಸಲಿಲ್ಲವೋ ಏನೋ, ಆ ಕೈ ಕೊನೆಯವರೆಗೂ ಸೊಟ್ಟಗೇ ಉಳಿಯಿತು. ಅಪ್ಪ ಇದನ್ನು ನನ್ನಿಂದ ಮುಚ್ಚಿಡಲಿಲ್ಲ.

"ಸೊಕ್ಕು ಮುರೀಬೇಕಂತ ಹಿಡದಿದ್ದೆ ಬೇ," ಎಂದು ಒಂದು ಸಂಜೆ ಕಟ್ಟೆಯ ಮೇಲೆ ಕೂತು ಹೇಳಿದ. "ಸೊಕ್ಕು ಹಂಗ ಉಳೀತು. ಕೈ ಮುರೀತು."

"ಅವ ಉಗುಳಿದ್ದು?"

"ಉಗುಳಿದ್ದು ಮಣ್ಣಾಗ. ಮಣ್ಣು ಕುಡದು ಬಿಡ್ತು. ನನ್ನ ಹೊಟ್ಟ್ಯಾಗಿಂದು ಕುಡಿಯಾಕ ಯಾರೂ ಇರಲಿಲ್ಲ."

ನನಗೆ ಈ ಲೆಕ್ಕ ಒಪ್ಪಿಗೆಯಾಗಲಿಲ್ಲ. ಮುರಿದದ್ದು ಸರಿಯಾಗಿಯೇ ಇತ್ತು ಎಂದು ಆಗಲೂ ಅಂದುಕೊಂಡೆ, ಈಗಲೂ ಅಂದುಕೊಳ್ಳುತ್ತೇನೆ. ಆದರೆ ಅಪ್ಪ ಆ ಕುಸ್ತಿಯ ದಿನದಿಂದ ಕಣಕ್ಕೆ ಇಳಿಯಲಿಲ್ಲ. ನಿಡೋಣಿ ಬಿಟ್ಟು ಶಹರಕ್ಕೆ ಬಂದ, ಮದುವೆಯಾದ, ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು ಪಾಸ್ಟರ್ ಹೇಳಿದ್ದನ್ನೆಲ್ಲ ಬಾಯಿ ತೆರೆದು ಕೇಳಿದ. ಸಾತ್ವಿಕತೆ ಎಂಬ ಮಾತು ಅವನಿಗೆ ಸಿಕ್ಕಿದ್ದು ಅಲ್ಲಿ. ಅದನ್ನು ಅವನು ಅಂಡಿಗೆ ಹೊತ್ತ ಹಾಗೆ ಹೊತ್ತುಕೊಂಡ, ಒಬ್ಬನೇ. ತಿಕೋಟಾಕ್ಕೆ ಹೋಗಿ ಮಲ್ಲೇಶಿಯ ಬಾಗಿಲಲ್ಲಿ ನಿಂತು ಕ್ಷಮೆ ಕೇಳಿದ. ಬಾಗಿಲು ತೆರೆಯಲಿಲ್ಲ. ಮತ್ತೆ ಹೋದ, ಮತ್ತೆ ಹೋದ. ಕೊನೆಗೆ ಒಂದು ರವಿವಾರ ಮಲ್ಲೇಶಿಯೇ ನಮ್ಮ ಓಣಿಗೆ ಬಂದು ನಿಂತನಂತೆ. ನಾನಾಗ ತೊಟ್ಟಿಲಲ್ಲಿದ್ದೆ.

"ಕ್ಷಮಾ ಗಿಮಾ ನನಗ ಗೊತ್ತಿಲ್ಲ. ಕೈ ಮುರದಿ, ಉಣಾಕ ಹಾಕು," ಅಂದನಂತೆ. ಅಂದಿನಿಂದ ಬರುವುದನ್ನು ಬಿಡಲಿಲ್ಲ.

ವಾರಕ್ಕೊಮ್ಮೆ ನಮ್ಮ ಮನೆಯಲ್ಲಿ ಮಟನ್. ಚರ್ಚು ಮುಗಿಸಿ ಬರುವಷ್ಟರಲ್ಲಿ ಮಲ್ಲೇಶಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದ. "ಲೇ ಸಾಮ್ಯಾ, ನೀರು," ಎನ್ನುತ್ತಿದ್ದ. ಅಪ್ಪ ಚರ್ಚಿನ ಬಿಳಿ ಅಂಗಿಯಲ್ಲೇ ತಂಬಿಗೆ ಹಿಡಿದು ಅವನ ಕೈಗೆ ನೀರು ಹಾಕುತ್ತಿದ್ದ. ನನಗೆ ಬರಬೇಕಾದ ನಲ್ಲಿ ಎಲುಬು ಅವನ ಗಂಗಾಳಕ್ಕೆ ಹೋಗುತ್ತಿತ್ತು. ಅವನು ಅದನ್ನು ಕಲ್ಲಿಗೆ ಕುಟ್ಟಿ, ಜೋರಾಗಿ ಹೀರಿ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದ. ಉಂಡಾದ ಮೇಲೆ ಬೇಕೆಂದೇ ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದ. ಒಂದು ಕೈಯಲ್ಲಿ ಅದನ್ನು ಸುತ್ತಿಕೊಳ್ಳಲು ಬರುತ್ತಿರಲಿಲ್ಲ. ಅಪ್ಪ ಅವನ ಮುಂದೆ ಬಗ್ಗಿ, ಅಷ್ಟು ದೊಡ್ಡ ದೇಹವನ್ನು ಕುಗ್ಗಿಸಿಕೊಂಡು, ಇಡೀ ಓಣಿ ನೋಡುತ್ತಿರುವಾಗ ಸುತ್ತು ಸುತ್ತಾಗಿ ರುಮಾಲು ಸುತ್ತುತ್ತಿದ್ದ. "ಬಿಗಿ ಆತು, ಸಡಲ ಮಾಡು. ಸಡಲಾತು, ಬಿಗಿ ಮಾಡು," ಎಂದು ಅವನು ಆಡಿಸುತ್ತಿದ್ದ. ಹುಡುಗರು ಹಲ್ಲು ಕಿಸಿಯುತ್ತಿದ್ದರು. ಆ ಹುಡುಗರಲ್ಲಿ ಒಬ್ಬೊಬ್ಬರ ಹೆಸರೂ ನನಗೆ ಇಂದಿಗೂ ನೆನಪಿದೆ. ಅವರಲ್ಲಿ ಇಬ್ಬರಿಗೆ ಕಲ್ಲಿನಿಂದ ಉತ್ತರ ಕೊಟ್ಟಿದ್ದೆ. ಉಳಿದವರು ದೊಡ್ಡವರಾಗಿ ಊರು ಬಿಟ್ಟು ತಪ್ಪಿಸಿಕೊಂಡರು.

ಅವ್ವ ರಾಹೇಲವ್ವ ಈ ಸಾತ್ವಿಕತೆಯಲ್ಲಿ ಪಾಲುದಾರಳಾಗಿರಲಿಲ್ಲ. ಅವಳು ಸೇಡನ್ನು ಸಾರಿನಲ್ಲಿ ತೀರಿಸುತ್ತಿದ್ದಳು. ಮಲ್ಲೇಶಿಯ ಬಟ್ಟಲಿಗೆಂದೇ ಬೇರೆ ಒಗ್ಗರಣೆ, ಅದಕ್ಕೆ ಮುಷ್ಟಿ ಖಾರಪುಡಿ. ಅವನು ಬೆವರು ಸುರಿಸುತ್ತ, ಮೂಗು ಒರೆಸುತ್ತ, ಪೂರ್ತಿ ಉಂಡು, "ನಮ್ಮ ಮನ್ಯಾಗಿನ ಸಪ್ಪನ ಸಾರು ತಿಂದು ನಾಲಗಿ ಸತ್ತಿತ್ತು. ನಿನ್ನ ಹೇಂತಿ ಕೈ ಚಲೋ ಐತ್ಲೇ," ಎನ್ನುತ್ತಿದ್ದ. ಅವ್ವ ಒಳಗೆ ಹಲ್ಲು ಕಡಿಯುತ್ತಿದ್ದಳು.

"ನಾವು ಮುಟ್ಟಿದ ಮಣ್ಣು ಬ್ಯಾಡಾಗಿತ್ತು. ಈಗ ನಮ್ಮ ಗಂಗಾಳ ನೆಕ್ಕತಾನ," ಎಂದು ಅವಳು ಅಪ್ಪನಿಗೆ ಹೇಳಿದಳು. "ನಿಮ್ಮ ಪಾಸ್ಟರ್ ಏನಂತಾರ? ಸಾತ್ವಿಕರಿಗೆ ಭೂಮಿ ಸಿಗತೈತಿ ಅಂತಾರ, ಹೌದಿಲ್ಲೋ? ಹೊಲ ಅವಂದೈತಿ. ನಮಗ ಸಿಕ್ಕಿದ್ದು ಈ ಕಟ್ಟಿ. ಕಟ್ಟಿ ಮ್ಯಾಲೂ ಅವನ ಕುಂತಾನ."

ಅಪ್ಪ ನಕ್ಕ. ಅವನಿಗೆ ಸಿಟ್ಟು ಬರುವುದಿಲ್ಲವಲ್ಲ ಎಂಬುದೇ ನನ್ನ ಸಿಟ್ಟು. ಒಮ್ಮೆ ನೇರವಾಗಿಯೇ ಕೇಳಿದೆ.

"ಯಪ್ಪಾ, ನೀ ಅಂಜುಬುರುಕ ಏನು?"

"ಅಲ್ಲವ್ವ."

"ಮತ್ತ ಸಾತ್ವಿಕ ಅಂದ್ರ ಏನು?"

ಅವನು ತನ್ನ ಅಂಗೈ ನೋಡಿಕೊಂಡ. "ನನಗೂ ಚಂದಾಗಿ ಗೊತ್ತಿಲ್ಲ," ಅಂದ. "ಪಾಸ್ಟರಿಗೆ ಕೇಳೂಣಂತ." ಕೇಳಲಿಲ್ಲ.

ನಾನು ಶಾಲೆಯ ನಾಲ್ಕನೇ ಇಯತ್ತೆಯಲ್ಲಿದ್ದಾಗ, ಬೇಸಿಗೆಯ ಒಂದು ರವಿವಾರ, ಮಲ್ಲೇಶಿ ಕಣ್ಣು ಕೆಂಪು ಮಾಡಿಕೊಂಡು ಬಂದ. ಹಿಂದಿನ ದಿನ ಬಬಲೇಶ್ವರಕ್ಕೆ ಕುಸ್ತಿ ನೋಡಲು ಹೋಗಿದ್ದನಂತೆ. ಅಲ್ಲಿ ಯಾರೋ ಹರೆಯದವರು, ಕಾಕಾ ನೀನೂ ಒಂದು ಕೈ ಹಿಡಿ ನೋಡೋಣ, ಒಂದೇ ಕೈ ಇದ್ದರೂ ನಡೆಯುತ್ತದೆ ಎಂದು ಚೇಷ್ಟೆ ಮಾಡಿದ್ದರು. ಜನ ನಕ್ಕಿದ್ದರು. ಅದೇ ಕಣ, ಅದೇ ನಗು. ಅವನು ರಾತ್ರಿಯೆಲ್ಲ ಅದನ್ನು ಮೆಲುಕು ಹಾಕಿಕೊಂಡು ಬಂದಿದ್ದ. ಕಟ್ಟೆಯ ಮೇಲೆ ಕೂಡಲಿಲ್ಲ, ನೀರು ಕೇಳಲಿಲ್ಲ. ಚಪ್ಪಲಿ ಕಾಲಲ್ಲೇ ಅಡುಗೆಮನೆಯವರೆಗೂ ಬಂದು ಎಡಗೈಯಿಂದ ಒನಕೆ ಎತ್ತಿಕೊಂಡ.

"ಇವತ್ತು ಉಣ್ಣಾಕ ಬಂದಿಲ್ಲ, ಸಾಮ್ಯಾ. ಕೈ ಇಡು."

ಅಪ್ಪ ಅವನನ್ನು ನೋಡಿದ. "ಯಾವ ಕೈ?"

"ನೀ ನಂದು ಯಾವುದು ಮುರದ್ಯೋ ಅದು."

ಅವ್ವನ ಕೈಯಲ್ಲಿದ್ದ ರೊಟ್ಟಿ ಹೆಂಚಿನ ಹೊರಗೆ ಬಿತ್ತು. ಅಪ್ಪ ಬಿಳಿ ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ನಿಧಾನವಾಗಿ ಮಡಚಿದ. ಒಳಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಲಗೈಯನ್ನು ಕಲ್ಲಿನ ಮೇಲೆ ಚಾಚಿ ಇಟ್ಟ. ಆಗ ಗಾಡಿಯೇನೂ ಹಾದುಹೋಗುತ್ತಿರಲಿಲ್ಲ. ಮನೆಯಲ್ಲಿ ಸದ್ದೇ ಇರಲಿಲ್ಲ. ಮನಸ್ಸು ಮಾಡಿದ್ದರೆ ಕೂತಲ್ಲಿಂದಲೇ ಅವನು ಮಲ್ಲೇಶಿಯನ್ನು ಎತ್ತಿ ಓಣಿಗೆ ಎಸೆಯಬಲ್ಲವನಾಗಿದ್ದ. ಅದು ನಮ್ಮ ಮೂವರಿಗೂ ಗೊತ್ತಿತ್ತು, ಮಲ್ಲೇಶಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಅದಕ್ಕೇ ಇರಬೇಕು, ಒನಕೆ ಎತ್ತಿದವನ ಮುಖ ಅಳುವವನ ಮುಖದಂತೆ ಆಯಿತು. ಒನಕೆ ಮೇಲೆ ಹೋಯಿತು. ಅವ್ವ ಚೀರಿದಳು.

ನಾನು ಚೀರಲಿಲ್ಲ. ಒಲೆಯ ಪಕ್ಕದ ಖಾರದ ಡಬ್ಬಿಗೆ ಕೈ ಹಾಕಿ, ಹಿಡಿಯಷ್ಟು ತುಂಬಿಕೊಂಡು, ಮಲ್ಲೇಶಿಯ ಕಣ್ಣಿಗೆ ಗುರಿಯಿಟ್ಟು ಎರಚಿದೆ. ಒನಕೆ ಗೋಡೆಗೆ ಬಡಿದು ಬಿತ್ತು. ಅವನು ಮುಖ ಹಿಡಿದುಕೊಂಡು ನೆಲಕ್ಕೆ ಕುಸಿದು, ಹೆಂಗಸಿನಂತೆ, ಕರುವಿನಂತೆ, ಏನೇನೋ ದನಿಯಲ್ಲಿ ಕೂಗಿದ. ಆ ಕೂಗು ಕೇಳಿ ನನ್ನ ಎದೆ ತಂಪಾಯಿತು. ಇಷ್ಟು ವರ್ಷದ ಪ್ರಾರ್ಥನೆಗೆ ದೇವರು ಕೊಟ್ಟ ಉತ್ತರ ನನ್ನ ಅಂಗೈಯಲ್ಲೇ ಇತ್ತು ಎಂದುಕೊಂಡೆ. ಇನ್ನೊಂದು ಹಿಡಿಗೆ ಕೈ ಹಾಕಿದ್ದೆ, ಅಪ್ಪ ಡಬ್ಬಿ ಕಸಿದುಕೊಂಡ.

ಆ ಮಧ್ಯಾಹ್ನವೆಲ್ಲ ಅಪ್ಪ ಮಲ್ಲೇಶಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣಿಗೆ ನೀರು ಹನಿಸಿದ. ಕೊಡ ಖಾಲಿಯಾಯಿತು, ಪಕ್ಕದ ಮನೆಯಿಂದ ಮತ್ತೊಂದು ತಂದ. "ತಗಿ, ಕಣ್ಣು ತಗಿ, ಸ್ವಲ್ಪ ತಾಳು," ಎಂದು ಕೂಸಿಗೆ ಹೇಳುವಂತೆ ಹೇಳುತ್ತಿದ್ದ. ಯಾರೂ ಉಣ್ಣಲಿಲ್ಲ. ಬಿಸಿಲು ಇಳಿದ ಮೇಲೆ ಮಲ್ಲೇಶಿ ಗೋಡೆ ಹಿಡಿದು ಎದ್ದ. ಅಪ್ಪ ಬಸ್ ಸ್ಟ್ಯಾಂಡಿನವರೆಗೂ ಅವನ ಭುಜ ಹಿಡಿದು ನಡೆಸಿಕೊಂಡು ಹೋದ. ವಾಪಸು ಬಂದವನು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಇವತ್ತು ಮುಗೀತಿತ್ತು ಬೇ," ಅಂದ. "ನೀ ಮತ್ತ ಸುರು ಮಾಡಿದಿ."

"ನಿನ್ನ ಕೈ ಮುರೀತಿದ್ದ!"

"ಮುರೀಲಿ ಬಿಡು. ನಂದಲ್ಲೇನು ಕೈ?"

"ಕೈ ನಿಮ್ಮದು," ಎಂದು ಅವ್ವ ಒಳಗಿನಿಂದ ಹೇಳಿದಳು. "ಅದರ ಗಳಿಕಿ ತಿನ್ನೂ ಹೊಟ್ಟಿ ನಮ್ಮವು ಅದಾವು. ನನ್ನ ಮಗಳು ಚಲೋ ಮಾಡ್ಯಾಳ." ಆ ರಾತ್ರಿ ಪಾತ್ರೆಯಲ್ಲಿದ್ದ ನಲ್ಲಿ ಎಲುಬನ್ನೆಲ್ಲ ಅವಳು ನನಗೇ ಬಡಿಸಿದಳು. ಅಷ್ಟು ರುಚಿಯ ಊಟವನ್ನು ನಾನು ಆಮೇಲೆ ಉಂಡಿಲ್ಲ.

ಮುಂದಿನ ರವಿವಾರ ಕಟ್ಟೆ ಖಾಲಿ ಇತ್ತು. ಅಪ್ಪ ಸ್ವಲ್ಪ ಹೊತ್ತು ಓಣಿಯ ತುದಿಯವರೆಗೂ ನೋಡಿದ. ಆಮೇಲೆ ಸಾರನ್ನು ಡಬ್ಬಿಗೆ ತುಂಬಿಸಿಕೊಂಡು, ನನ್ನ ಕೈ ಹಿಡಿದು, ತಿಕೋಟಾದ ಬಸ್ಸು ಹತ್ತಿದ. ಮಲ್ಲೇಶಿ ಕಾಕಾಗೆ ತಪ್ಪಾತು ಎನ್ನಬೇಕು ಎಂದು ದಾರಿಯುದ್ದಕ್ಕೂ ಹೇಳಿದ. ನಾನು ಕಿಟಕಿಯ ಹೊರಗೆ ನೋಡಿಕೊಂಡು ಕೂತೆ.

ಮಲ್ಲೇಶಿಯ ಮನೆ ಊರ ಹೊರಗೆ ತೋಟದಲ್ಲೇ ಇತ್ತು. ಅವನು ಪಡಸಾಲೆಯ ಹೊರಸಿನ ಮೇಲೆ ಕೂತಿದ್ದ. ಕಣ್ಣು ಇನ್ನೂ ಊದಿದ್ದವು. ಅಪ್ಪ ನನ್ನ ಬೆನ್ನಿಗೆ ಮೆಲ್ಲಗೆ ಒತ್ತಿದ. ನಾನು ಹಲ್ಲು ಕಚ್ಚಿ ನಿಂತೆ. ಕಾದು ಕಾದು ಅಪ್ಪನೇ ಕೈ ಮುಗಿದ.

"ಮಗಳ ಪರವಾಗಿ ನಾ ಕೇಳ್ತೇನಿ, ಮಲ್ಲೇಶಿ. ತಪ್ಪಾತು."

ಮಲ್ಲೇಶಿ ಅವನ ಕಡೆ ನೋಡಲಿಲ್ಲ. "ನಾ ಹೊಡೀತಿದ್ನೋ ಇಲ್ಲೋ, ನನಗ ಗೊತ್ತಿಲ್ಲಲೇ ಸಾಮ್ಯಾ," ಅಂದ. "ವಾರ ಆತು, ಅದನ್ನ ವಿಚಾರ ಮಾಡಾಕತ್ತೇನಿ. ನಿನ್ನ ಮಗಳು ಗೊತ್ತಾಗಾಕ ಬಿಡಲಿಲ್ಲ."

ಅವನ ಹೆಂಡತಿ ಗಂಗವ್ವನನ್ನು ನಾನು ಮೊದಲ ಸಲ ನೋಡಿದ್ದು ಅಂದು. ಗಂಡನ ಕೈ ಹೋದ ದಿನದಿಂದ ಹೊಲದ ಕೆಲಸವನ್ನೆಲ್ಲ ಮಾಡುತ್ತಿದ್ದವಳು ಅವಳೇ. ಬಿಸಿಲಿಗೆ ಕಪ್ಪಾದ, ಸಪೂರ ಹೆಂಗಸು. ಬಲಗೆನ್ನೆಯ ಮೇಲೆ ಹಳೆಯ ಏಟಿನ ಕಲೆ ಹಳದಿಗೆ ತಿರುಗಿತ್ತು. ಎಡಗೈಯವನು ಎದುರು ನಿಂತು ಹೊಡೆದರೆ ಬೀಳುವುದು ಬಲಗೆನ್ನೆಗೇ. ಅಷ್ಟು ವಯಸ್ಸಿಗೇ ಅದು ನನಗೆ ತಿಳಿಯಿತು. ಅವಳು ಕಣ್ಸನ್ನೆಯಿಂದ ನನ್ನನ್ನು ಒಳಗೆ ಕರೆದಳು.

"ಖಾರ ಒಗದಾಕಿ ನೀನಾ?" ಎಂದು ಪಿಸುಗುಟ್ಟಿದಳು.

ಹೂಂ ಎಂದೆ. ಅವಳು ಗೋಡೆಯ ಮಾಡದಲ್ಲಿದ್ದ ಬುಟ್ಟಿಯನ್ನು ಇಳಿಸಿ, ನನ್ನ ಲಂಗದ ಉಡಿಯಲ್ಲಿ ಒಣದ್ರಾಕ್ಷಿ ಸುರಿದಳು. ಬೊಗಸೆ ಬೊಗಸೆಯಾಗಿ ಸುರಿದಳು. ಬಹುಮಾನ ಕೊಡುವವರ ಮುಖ ಹಾಗಿರುತ್ತದೆ. ನಾನು ಉಡಿ ಹಿಡಿದುಕೊಂಡು ಗಂಗವ್ವನ ಜೊತೆ ಹೊರಗೆ ಬಂದಾಗ ಮಲ್ಲೇಶಿಯ ಊದಿದ ಕಣ್ಣಿಗೂ ಅದು ಕಂಡಿತು.

"ನನ್ನ ಕಣ್ಣು ಸುಟ್ಟಾಕಿಗೆ ಉಡಿ ತುಂಬತೀಯೇನ?" ಎಂದು ಅವನು ಎದ್ದ. ಎಡಗೈ ಮೇಲೆ ಹೋಯಿತು. ಗಂಗವ್ವ ತಲೆ ತಗ್ಗಿಸಿ ಕಣ್ಣು ಮುಚ್ಚಿದಳು, ರೂಢಿಯಿದ್ದವಳು.

ಏಟು ಬೀಳಲಿಲ್ಲ. ಅಪ್ಪ ಆ ಕೈಯನ್ನು ಗಾಳಿಯಲ್ಲೇ ಹಿಡಿದಿದ್ದ. ಅಷ್ಟು ದೊಡ್ಡ ಮನುಷ್ಯ ಅಷ್ಟು ಬೇಗ ಮುಂದೆ ಬಂದದ್ದನ್ನು ನಾನು ಎಂದೂ ನೋಡಿರಲಿಲ್ಲ. ಮಣಿಕಟ್ಟು ಅವನ ಮುಷ್ಟಿಯಲ್ಲಿ ಪೂರ್ತಿ ಮುಳುಗಿಹೋಗಿತ್ತು.

"ನನ್ನ ಮ್ಯಾಲೆ ಎತ್ತು," ಎಂದ, ದನಿ ಏರಿಸದೆ. "ನಾ ಇದ್ದೇನಿ. ಆಕಿ ಮ್ಯಾಲೆ ಎತ್ತಬ್ಯಾಡ."

ಮಲ್ಲೇಶಿ ಎಳೆದುಕೊಂಡ, ತಿರುಚಿದ, ಬೈದ. ಕೈ ಅಲುಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಬಬಲೇಶ್ವರದ ಕಣದಲ್ಲಿ ನಾನು ಇರಲಿಲ್ಲ, ಇಲ್ಲಿದ್ದೇನೆ ಅನ್ನಿಸಿತು.

"ಮುರೀ ಯಪ್ಪಾ!" ಎಂದು ಕೂಗಿದೆ. "ಮುರೀ! ಅದನ್ನೂ ಮುರೀ!"

ದ್ರಾಕ್ಷಿ ಎಲ್ಲ ನೆಲಕ್ಕೆ ಚೆಲ್ಲಿದವು. ಅಪ್ಪ ನನ್ನ ಕಡೆ ತಿರುಗಲಿಲ್ಲ. ಹಾಗೇ ಹಿಡಿದು ನಿಂತ. ಅದು ಕುಸ್ತಿಯ ಹಿಡಿತ ಹೌದು, ಆದರೆ ಅದರಲ್ಲಿ ಮುಂದಿನ ಪಟ್ಟು ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮಲ್ಲೇಶಿಯ ಬೈಗುಳ ತಗ್ಗಿತು, ಆಮೇಲೆ ಬೆರಳು ಸಡಿಲವಾದವು, ಆಮೇಲೆ ಅವನು ಹೊರಸಿನ ಮೇಲೆ ಕೂತುಬಿಟ್ಟ. ಆಗ ಅಪ್ಪ ಕೈ ಬಿಟ್ಟ. ಬಿಟ್ಟು, ನೆಲದ ಮೇಲೆ ಬಿಚ್ಚಿಬಿದ್ದಿದ್ದ ಅವನ ರುಮಾಲನ್ನು ಎತ್ತಿ ಕೊಡವಿ, ಎಂದಿನಂತೆ ಬಗ್ಗಿ ತಲೆಗೆ ಸುತ್ತಿದ. ಮಲ್ಲೇಶಿ ಬಿಗಿ ಎನ್ನಲಿಲ್ಲ, ಸಡಿಲ ಎನ್ನಲಿಲ್ಲ.

ಮಲ್ಲೇಶಿ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಅಪ್ಪನೇ ರವಿವಾರದ ಮಧ್ಯಾಹ್ನಗಳಲ್ಲಿ ತಿಕೋಟಾಕ್ಕೆ ಹೋಗತೊಡಗಿದ. ತೋಟದಲ್ಲಿ ದುಡಿದು ಕತ್ತಲಾದ ಮೇಲೆ ಬರುತ್ತಿದ್ದ. ಮೊದಲು ಅವನು ಉಂಡು ಹೋಗುತ್ತಿದ್ದ, ಈಗ ನೀವು ದುಡಿದು ಬರುತ್ತೀರಿ ಎಂದು ಅವ್ವ ಜಗಳ ತೆಗೆದಳು. ಅವನು ನಕ್ಕು ಕಾಲು ತೊಳೆದುಕೊಂಡ. ಮುದುಕನಾಗುವವರೆಗೂ ಹೋದ. ನಾನು ಓದಿ ವಕೀಲಳಾದೆ. ವಿಜಯಪುರದ ಕೋರ್ಟಿನಲ್ಲಿ, ಹೊಡೆಸಿಕೊಂಡು ಬಂದ ಹೆಂಗಸರ ಕೇಸುಗಳನ್ನು ಹಿಡಿಯುತ್ತೇನೆ. ಎದುರಿನ ಕಟಕಟೆಯಲ್ಲಿ ನಿಂತ ಗಂಡಂದಿರ ಕೈಗಳನ್ನೇ ಮೊದಲು ನೋಡುತ್ತೇನೆ. ರಾಜಿ ಮಾಡಿಸಿ ಎಂದು ಯಾರಾದರೂ ಹೇಳಿದರೆ ನನ್ನ ಒಳಗೆ ಆ ನಾಲ್ಕನೇ ಇಯತ್ತೆಯ ಹುಡುಗಿ ಕೂಗುತ್ತಾಳೆ. ಚರ್ಚಿಗೂ ತಪ್ಪದೆ ಹೋಗುತ್ತೇನೆ. ಮಲ್ಲೇಶಿಯನ್ನು ಮಾತ್ರ ಕ್ಷಮಿಸಿಲ್ಲ. ಅವನು ಸತ್ತ ಸುದ್ದಿ ಬಂದ ದಿನ ಅವ್ವ ಮತ್ತು ನಾನು ಮಟನ್ ಮಾಡಿ ಉಂಡೆವು. ಅಪ್ಪ ಆ ದಿನ ಉಪವಾಸ ಇದ್ದ.

ಅಪ್ಪನೂ ಹೋದ ಮೇಲೆ ಒಮ್ಮೆ ಸಿದ್ಧೇಶ್ವರ ಗುಡಿಯ ಹತ್ತಿರದ ಬಜಾರಿನಲ್ಲಿ ಯಾರೋ ನನ್ನ ಸೆರಗು ಹಿಡಿದು ಎಳೆದರು. ಗಂಗವ್ವ. ಮಗಳ ಬಳೆ ಅಂಗಡಿಯಲ್ಲಿ ಗಿರಾಕಿಗಳ ಕೈ ಹಿಡಿದು ಬಳೆ ತೊಡಿಸುತ್ತ ಕೂತಿದ್ದಳು. ಹಲ್ಲು ಉದುರಿದ್ದವು, ದನಿ ಗಟ್ಟಿ ಇತ್ತು. ಚಹಾ ತರಿಸಿದಳು. ಅಪ್ಪನ ಮಾತು ಬಂತು. ಹೊಡೆತ ಪೂರ್ತಿ ನಿಂತಿತೇ ಎಂದು ಕೇಳಿದೆ.

"ಪೂರ್ತಿ ಎಲ್ಲಿ ನಿಂದರತೈತಿ? ಆದ್ರ ಮಾರಿ ಮ್ಯಾಲೆ ಗುರುತು ಉಳಿಯೂ ಹಂಗ ಮತ್ತ ಹೊಡೀಲಿಲ್ಲ. ರವಿವಾರ ಬಂದ್ರ ನಿಮ್ಮಪ್ಪ ಮೊದಲು ನನ್ನ ಮಾರಿ ನೋಡ್ತಿದ್ದ, ಆಮ್ಯಾಲೆ ಸಲಿಕಿ ಹಿಡೀತಿದ್ದ. ಅದು ನನ್ನ ಗಂಡಗ ಗೊತ್ತಿತ್ತು."

ನನಗೆ ತಡೆಯಲಾಗಲಿಲ್ಲ. "ಅವತ್ತು ಮುರದು ಹಾಕಬೇಕಿತ್ತು ಆಯಿ. ನಾ ಹೇಳಿದ್ದೆ. ಅಪ್ಪ ನನ್ನ ಮಾತು ಕೇಳಲಿಲ್ಲ."

"ಕೇಳಿದಾ," ಅಂದಳು ಗಂಗವ್ವ. "ನೀ ಹಿಂದ ನಿಂತಿದ್ದಿ, ನಿನಗ ಕಾಣಲಿಲ್ಲ. ನೀ ಮುರೀ ಅಂದ ಕೂಡ್ಲೆ ನನ್ನ ಮಾರಿ ನೋಡಿದಾ. ನಾ ಹೂಂ ಅಂದಿದ್ರ ಮುರದ ಬಿಡ್ತಿದ್ದ."

ಜೀವನಪೂರ್ತಿ ಹೊಡೆಸಿಕೊಂಡ ಹೆಂಗಸು, ಆ ಒಂದು ಕ್ಷಣ ಎಲ್ಲವೂ ಅವಳ ತಲೆಯಾಡಿಸುವಿಕೆಯ ಮೇಲೆ ನಿಂತಿತ್ತು.

"ಮತ್ತ ಯಾಕ ಹೂಂ ಅನ್ನಲಿಲ್ಲ?" ಎಂದು ಕೇಳಿದೆ. "ಪಾಪ ಅನ್ನಿಸ್ತೇನು?"

"ಪಾಪ?" ಗಂಗವ್ವ ಅಂಗಡಿಯೆಲ್ಲ ತಿರುಗಿ ನೋಡುವಂತೆ ನಕ್ಕಳು. "ಒಂದು ಕೈ ಹ್ವಾದಾಗ ಹೊಲದ ಕೆಲಸ ಎಲ್ಲಾ ನನ್ನ ಮ್ಯಾಲೆ ಬಿತ್ತು. ಇನ್ನೊಂದೂ ಹ್ವಾದ್ರ, ಹುಚ್ಚಿ, ಅವಂಗ ತುತ್ತು ಮಾಡಿ ಉಣಸಾಕಿ ಯಾರು?"